ಕೇದಗೆಯ ಅತ್ತರು

ರೇಡಿಯೋದಲ್ಲಿ ಹಾಡನ್ನು ಕಳುಹಿಸಬಹುದು, ಪೇಟೆಯ ಧಾರಣೆಯನ್ನು ಕಳುಹಿಸಬಹುದು, ನಾಳೆಯ ಮಳೆಯ ಸುದ್ದಿಯನ್ನೂ ಕಳುಹಿಸಬಹುದು. ಪರಿಮಳವನ್ನು ಮಾತ್ರ ಕಳುಹಿಸಲು ಬರುವುದಿಲ್ಲ. ಆದುದರಿಂದ ಈ ಭಾಷಣದ ಅರ್ಧ ಕೆಲಸವನ್ನು ನೀವೇ ಮಾಡಬೇಕಾಗುತ್ತದೆ. ಶ್ರಾವಣದ ಒಂದು ಸಂಜೆ, ಹೊರಗೆ ಮಳೆ ಹಿಡಿದಿದೆ, ಒಳಗೆ ಯಾರೋ ಹಳೆಯ ಟ್ರಂಕಿನ ಮುಚ್ಚಳ ತೆಗೆದಿದ್ದಾರೆ. ರೇಷ್ಮೆ ಸೀರೆಯ ಮಡಿಕೆಗಳ ನಡುವಿನಿಂದ ಒಂದು ವಾಸನೆ ಎದ್ದು ಬರುತ್ತದೆ. ಸಿಹಿ, ಆದರೆ ಮಲ್ಲಿಗೆಯಂತೆ ಮೆತ್ತನೆಯ ಸಿಹಿಯಲ್ಲ. ಮೂಗಿಗೆ ಸ್ವಲ್ಪ ಚುಚ್ಚುವ, ಹಸಿರು ಗರಿಯ ಒಗರೂ ಸೇರಿರುವ ಸಿಹಿ. ನೆನಪಾಯಿತೇ? ಅದು ಕೇದಗೆ.

ಬೆಂಗಳೂರು, ಮೈಸೂರು ಕಡೆಯವರು ಕೇದಗೆ ಎನ್ನುತ್ತಾರೆ. ನಮ್ಮ ಬೀದರಿನ ಹಳ್ಳಿಗಳಲ್ಲಿ ಅದು ಕ್ಯಾದಗಿ. ಭಾಲ್ಕಿ, ಔರಾದ ಕಡೆ ಮರಾಠಿ ಮಾತನಾಡುವ ಮನೆಗಳಲ್ಲಿಯೂ ಬೀದರಿನ ಉರ್ದು ಮನೆಗಳಲ್ಲಿಯೂ ಅದು ಕೇವಡಾ. ಸಂಸ್ಕೃತದವರಿಗೆ ಕೇತಕಿ. ಹೆಸರು ನಾಲ್ಕಾದರೂ ಗಿಡ ಒಂದೇ: ನೀರಿನ ದಂಡೆಯಲ್ಲಿ ಬೇರುಗಳನ್ನು ಊರುಗೋಲಿನಂತೆ ಚಾಚಿ ನಿಲ್ಲುವ, ಎಲೆಯ ಎರಡಂಚಿಗೂ ಬೆನ್ನಿಗೂ ಮುಳ್ಳಿರುವ ಪೊದೆ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡ ಅನಾನಸಿನಂತಹ ಕಾಯಿ ಬಿಡುತ್ತದೆ. ಪರಿಮಳವೆಲ್ಲ ಗಂಡು ಗಿಡದ್ದು. ನಾವು ಹೂವೆಂದು ಕೊಂಡು ತರುವುದು ವಾಸ್ತವವಾಗಿ ಒಂದು ಹೂಗೊಂಚಲು ಮತ್ತು ಅದನ್ನು ಸುತ್ತಿಕೊಂಡಿರುವ ಹಾಲುಬಿಳುಪಿನ ಗರಿಗಳು. ಮುಖ್ಯವಾದ ಹಂಗಾಮು ಮಳೆಗಾಲ. ಬೆಳಗಿನ ಜಾವದಲ್ಲಿ ಕೊಯ್ಯಬೇಕು. ಬಿಸಿಲೇರಿದರೆ ಪರಿಮಳ ಹಾರಿಹೋಗುತ್ತದೆ.

ಕನ್ನಡ ನಾಡು ಈ ಹೂವಿಗೆ ಎಷ್ಟು ಕೆಲಸಗಳನ್ನು ಹಚ್ಚಿದೆ ನೋಡಿ. ಹೆಣ್ಣುಮಕ್ಕಳ ಜಡೆಗೆ ಅದರ ಗರಿ ಬೇಕು. ಜಡೆಯ ಮೇಲ್ಗಡೆ ಇಡುವ ಚಿನ್ನದ ಒಡವೆಯೊಂದಕ್ಕೂ ಕೇದಗೆ ಎಂದೇ ಹೆಸರು. ಹೂವು ಸಿಗದ ತಿಂಗಳುಗಳಲ್ಲಿ ಹೆಸರಾದರೂ ತಲೆಯ ಮೇಲಿರಲಿ ಎಂದಿರಬೇಕು. ಕರಾವಳಿಯಲ್ಲಿ ನಾಗನಿಗೆ ಸಂಪಿಗೆ ಮತ್ತು ಹಿಂಗಾರದ ಜೊತೆಗೆ ಕೇದಗೆಯೂ ಸಲ್ಲುತ್ತದೆ. ಕೇದಗೆಯ ಬನದಲ್ಲಿ ಹಾವು ಇದ್ದೇ ಇರುತ್ತದೆಂಬ ನಂಬಿಕೆ ಬಯಲುಸೀಮೆಯಲ್ಲಿಯೂ ಉಂಟು. ಮಂಗಳೂರು, ಉಡುಪಿಯ ಕಡೆ ಅಷ್ಟಮಿ ಬಂದರೆ ಇದೇ ಜಾತಿಯ ಗಿಡದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಕೊಟ್ಟೆ ಕಟ್ಟಿ, ಅದರಲ್ಲಿ ಹಿಟ್ಟು ಹೊಯ್ದು ಮೂಡೆ ಬೇಯಿಸುತ್ತಾರೆ. ಹೀಗೆ ಅಡಿಗೆಮನೆಗೆ ಸಲ್ಲುವ, ನಾಗನಿಗೆ ಸಲ್ಲುವ, ತಲೆಗೆ ಸಲ್ಲುವ ಹೂವು ಒಬ್ಬ ದೇವರಿಗೆ ಮಾತ್ರ ಸಲ್ಲುವುದಿಲ್ಲ. ಆ ದೇವರು ಶಿವ.

ಕಥೆ ನಿಮಗೆ ಗೊತ್ತಿರುವುದೇ. ಬ್ರಹ್ಮನಿಗೂ ವಿಷ್ಣುವಿಗೂ ಯಾರು ಹೆಚ್ಚೆಂದು ಜಗಳ. ನಡುವೆ ಒಂದು ಬೆಂಕಿಯ ಕಂಬ ಎದ್ದಿತು. ವಿಷ್ಣು ಹಂದಿಯಾಗಿ ಬುಡ ಹುಡುಕಹೋದ, ಬ್ರಹ್ಮ ಹಂಸವಾಗಿ ತುದಿ ಹುಡುಕಹೋದ. ಇಬ್ಬರಿಗೂ ಸಿಕ್ಕಲಿಲ್ಲ. ವಿಷ್ಣು ಸೋತೆನೆಂದು ಒಪ್ಪಿಕೊಂಡ. ಬ್ರಹ್ಮನಿಗೆ ದಾರಿಯಲ್ಲಿ ಮೇಲಿನಿಂದ ಬೀಳುತ್ತಿದ್ದ ಕೇತಕಿ ಸಿಕ್ಕಿತು. “ನಾನು ತುದಿ ನೋಡಿದೆನೆಂದು ಸಾಕ್ಷಿ ಹೇಳು” ಎಂದ. ಹೂವು ಹೇಳಿತು. ಕಂಬದಿಂದ ಶಿವನು ಹೊರಬಂದು ಬ್ರಹ್ಮನಿಗೂ ಶಿಕ್ಷೆ ಕೊಟ್ಟ, ಸುಳ್ಳು ಸಾಕ್ಷಿ ಹೇಳಿದ ಹೂವಿಗೂ ಕೊಟ್ಟ: ನೀನು ನನ್ನ ಪೂಜೆಗೆ ಬೇಡ. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಶಿವಪುರಾಣ ನಿಲ್ಲಿಸುವುದಿಲ್ಲ. ಹೂವು ಅಂಗಲಾಚಿ ಬೇಡಿಕೊಂಡ ಮೇಲೆ ಶಿವನು ಸ್ವಲ್ಪ ಮೆತ್ತಗಾಗುತ್ತಾನೆ. ನಾನು ಧರಿಸಲಾರೆ, ನನ್ನ ಭಕ್ತರು ಧರಿಸಿಕೊಳ್ಳಲಿ. ನನ್ನ ಮೇಲೆ ಕಟ್ಟುವ ಮೇಲ್ಕಟ್ಟಿನಲ್ಲಿ ನೀನು ಇರಬಹುದು ಎನ್ನುತ್ತಾನೆ. ಅಂದರೆ ಪಾದಕ್ಕೆ ಬೇಡವಾದ ಹೂವಿಗೆ ಚಾವಣಿಯಲ್ಲಿ ಜಾಗ ಸಿಕ್ಕಿತು. ಬಾಲ್ಯದಲ್ಲಿ ನನಗೆ ಇದು ತಿಳಿದಿದ್ದರೆ ನಮ್ಮ ಮನೆಯ ಒಂದು ವ್ಯಾಜ್ಯ ಬೇಗನೆ ತೀರುತ್ತಿತ್ತು.

ಆ ವ್ಯಾಜ್ಯ ಇದು. ನಮ್ಮ ಮನೆ ನೌಬಾದದಲ್ಲಿತ್ತು. ಬೀದರನ್ನು ಕಂಡವರಿಗೆ ನೌಬಾದ ಗೊತ್ತು: ಊರ ಹೊರಗಿನ ಎತ್ತರದ ಜಾಗ, ಕಾಲಿಟ್ಟಲ್ಲೆಲ್ಲ ಕೆಂಪು ಜಂಬಿಟ್ಟಿಗೆ. ಆ ಕಲ್ಲಿನ ಅಡಿಯಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ, ಅಂದರೆ ಸಾಲಾಗಿ ಬಾವಿಗಳನ್ನು ತೋಡಿ, ಅವುಗಳ ತಳವನ್ನು ಸುರಂಗದಿಂದ ಕೂಡಿಸಿ ನೀರು ಹರಿಸಿದ ಕಾಲುವೆ. ನೀರಿಗಾಗಿ ಇಷ್ಟು ಪಾಡುಪಟ್ಟ ನೆಲದಲ್ಲಿ ನೀರಿನ ದಂಡೆಯ ಗಿಡವಾದ ಕೇದಗೆ ಧಾರಾಳವಾಗಿ ಬೆಳೆದೀತೆ? ನಮಗೆ ಹೂವು ಬರುತ್ತಿದ್ದುದು ಗೌರಿ ಗಣಪತಿಯ ದಿನಗಳಲ್ಲಿ, ಬೀದರಿನ ಪೇಟೆಯ ಬುಟ್ಟಿಯಲ್ಲಿ. ಉಳಿದ ಕಾಲದಲ್ಲಿ ಅದು ಬರುತ್ತಿದ್ದುದು ಸೀಸೆಯಲ್ಲಿ. ಪಕ್ಕದ ಮನೆಯ ಖಾಲಾ ರಂಜಾನ್ ಈದಿನ ಹಿಂದಿನ ದಿನ ನಮ್ಮ ಅವ್ವನಿಗೆ ಒಂದು ಸಣ್ಣ ಸೀಸೆ ಅತ್ತರು ತಂದುಕೊಟ್ಟರು.

“ಇಟ್ಕೋರಿ ಅಕ್ಕಾ. ಅಸಲೀ ಕೇವಡಾ ಅದ.”

ಅವ್ವ ಸೀಸೆಯನ್ನು ಮೂಸಿ ನೋಡಿದಳು. ಅವಳ ಮುಖ ಅರಳಿದ್ದು ನನಗೆ ಕಂಡಿತು. ಆದರೆ ಅವಳು ದಿನವೂ ಇಷ್ಟಲಿಂಗ ಪೂಜೆ ಮಾಡುವವಳು.

“ಶಿವಗ ಬ್ಯಾಡಾದ ಹೂ ಅದ ಖಾಲಾ ಇದು. ಮೈಗಿ ಹಚ್ಕೊಂಡು ಪೂಜಿ ಹ್ಯಾಂಗ ಮಾಡ್ಲಿ?”

ಖಾಲಾ ಕ್ಷಣ ಯೋಚಿಸಿದರು. “ಹಂಗಾದ್ರ ಪೆಟ್ಟಿಗ್ಯಾಗ ಇಡ್ರಿ. ಪೆಟ್ಟಿಗಿಗಿ ಯಾರ ಶಾಪ ಅದ?”

ಪೆಟ್ಟಿಗೆಗೆ ಯಾರ ಶಾಪವೂ ಇರಲಿಲ್ಲ. ಅವ್ವ ಹತ್ತಿಯ ಉಂಡೆಗೆ ಎರಡು ಹನಿ ಹಾಕಿ ಸೀರೆಗಳ ನಡುವೆ ಇಟ್ಟಳು. ಮುಂದಿನ ಸೋಮವಾರ ಪಾಪನಾಶದ ಗುಡಿಗೆ ಹೋಗುವಾಗ ಆ ಪೆಟ್ಟಿಗೆಯ ಸೀರೆಯನ್ನೇ ಉಟ್ಟಳು. ಕೇದಗೆಯ ಪರಿಮಳ ಅವಳ ಜೊತೆಯಲ್ಲಿಯೇ ಗರ್ಭಗುಡಿಯ ಬಾಗಿಲವರೆಗೂ ಹೋಯಿತು. ಶಿವನು ಏನೂ ಅಂದಂತೆ ಕಾಣಲಿಲ್ಲ. ಭಕ್ತರು ಧರಿಸಿಕೊಳ್ಳಲಿ ಎಂದು ಅವನು ಹಿಂದೆಯೇ ಅಪ್ಪಣೆ ಕೊಟ್ಟಿದ್ದ ಸಂಗತಿ ಅವ್ವನಿಗೂ ಖಾಲಾಗೂ ತಿಳಿದಿರಲಿಲ್ಲ.

ಇಂತಹ ಏರ್ಪಾಡು ನಮ್ಮ ಸೀಮೆಗೆ ಹೊಸದಲ್ಲ. ಇಂದು ಬಸವಕಲ್ಯಾಣವೆಂದು ಕರೆಯುವ ಊರು ಬೀದರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. 12ನೆಯ ಶತಮಾನದಲ್ಲಿ ಅದು ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ದೊಡ್ಡ ಗ್ರಂಥವನ್ನು ಬರೆಸಿದ ಅಥವಾ ಬರೆದ. ಅರಸನ ಸ್ನಾನ, ಲೇಪನ, ಮಾಲೆ, ತಾಂಬೂಲ, ಧೂಪ ಒಂದೊಂದಕ್ಕೂ ಅದರಲ್ಲಿ ಪ್ರಕರಣವುಂಟು. ಸ್ನಾನದ ಎಣ್ಣೆಗೆ ಪರಿಮಳ ಹಿಡಿಸುವ ಹೂವುಗಳಲ್ಲಿ ಕೇತಕಿಯೂ ಸೇರಿದೆ. ಎಳ್ಳಿಗೆ ಹೂವಿನ ವಾಸನೆ ಕಟ್ಟಿಸಿ, ಆಮೇಲೆ ಎಣ್ಣೆ ತೆಗೆಯುವುದು ಅಂದಿನ ಪದ್ಧತಿ. ಹೂವನ್ನು ಹಿಂಡಬಾರದು, ಎಳ್ಳಿನ ಜೊತೆ ಮಲಗಿಸಬೇಕು. ಎಳ್ಳು ತಾನಾಗಿ ಪರಿಮಳವನ್ನು ಕುಡಿಯುತ್ತದೆ. ಕೆಲವೇ ದಶಕಗಳ ಮೇಲೆ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಅರಮನೆಯ ಭೋಗಕ್ಕಿಂತ ಬೇರೆಯಾದ ಮಾತುಗಳನ್ನಾಡಿದರು. ಅದು ಬೇರೆಯೇ ಭಾಷಣದ ವಿಷಯ.

ಮುಂದೆ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ (1580–1627) ಸುಗಂಧಗಳ ಬಗೆಗೇ ಒಂದು ಪಾರಸಿ ಗ್ರಂಥ ಹುಟ್ಟಿತು; ಹೆಸರು ‘ಇತ್ರ್-ಎ-ನೌರಸ್‌ಶಾಹಿ’. ನಮ್ಮ ಬೀದರಿನ ಕುಶಲಿಗಳು ಅತ್ತರಿನ ಪರಿಮಳವನ್ನಲ್ಲದಿದ್ದರೂ ಅದರ ಮನೆಯನ್ನು ಕಟ್ಟಿದರು. ಕಪ್ಪು ಲೋಹಕ್ಕೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಮಸಿಗೊಳಿಸುವ ಬಿದರಿ ಕೆಲಸದಲ್ಲಿ ಹುಕ್ಕದ ಬುಡ, ಪಾನದಾನ್, ಅತ್ತರದಾನ್ ಇವೆಲ್ಲವೂ ಆದವು. ದೊಡ್ಡ ಮನೆಗಳ ಮದುವೆಯಲ್ಲಿ ಗುಲಾಬದಾನಿಯ ಪಕ್ಕಕ್ಕೆ ಅತ್ತರದಾನ್ ಇಟ್ಟು, ಬಂದವರ ಅಂಗೈಯ ಹಿಂಬದಿಗೆ ಒಂದು ಗೀರು ಹಚ್ಚಿ ಒಳಗೆ ಕರೆಯುವುದು ಮರ್ಯಾದೆ. ಜಾತಿ ಕೇಳದೆ ಮಾಡುವ ಮರ್ಯಾದೆಗಳಲ್ಲಿ ಅದೊಂದು.

ಬೀದರಿನ ಪೂರ್ವಕ್ಕೆ ಅಷ್ಟೂರು. 1422ರಿಂದ 1436ರವರೆಗೆ ಆಳಿ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದಶಾಹ ವಲಿಯ ಗೋರಿ ಅಲ್ಲಿದೆ. ಅವನನ್ನು ಮುಸಲ್ಮಾನರು ವಲಿಯೆಂದರು; ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭುವಿನ ಅವತಾರವೆಂದು ನಂಬಿದರು. ಅಲ್ಲಿಯ ಉರುಸು ನಡೆಯುವುದು ನಮ್ಮ ಚಾಂದ್ರಮಾನ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ಪರಿವಾರದೊಡನೆ ಕಾಲುನಡಿಗೆಯಲ್ಲಿ ಬಂದು ಅದರಲ್ಲಿ ಮೊದಲಿಗರಾಗಿ ನಿಲ್ಲುತ್ತಾರೆ. ಆ ಗುಮ್ಮಟದ ಕೆಳಗೆ ನಿಂತವನಿಗೆ ಹೂವು, ಗಂಧ, ಊದು, ಅತ್ತರು, ವಿಭೂತಿ, ತೆಂಗಿನಕಾಯಿ ಎಲ್ಲ ಕಲಸಿದ ಒಂದೇ ವಾಸನೆ ಬರುತ್ತದೆ. ಅದರಲ್ಲಿ ಯಾವುದು ಯಾರದೆಂದು ಬೇರ್ಪಡಿಸಲು ಹೋದವನ ಮೂಗು ಸೋಲುತ್ತದೆ.

ಈಗ ಆ ಸೀಸೆಯೊಳಗಿನ ವಸ್ತುವನ್ನು ನೋಡೋಣ. ಭಾರತದಲ್ಲಿ ಕೇದಗೆಯನ್ನು ಬಟ್ಟಿ ಇಳಿಸುವ ಕೆಲಸದ ಬಹುಪಾಲು ನಡೆಯುವುದು ಒಡಿಶಾದ ಗಂಜಾಂ ಜಿಲ್ಲೆಯಲ್ಲಿ, ಬರಹಾಂಪುರ ಮತ್ತು ಛತ್ರಪುರದ ಸುತ್ತಿನ ಕಡಲ ತೀರದಲ್ಲಿ. ಅಲ್ಲಿಯ ಹೂವಿಗೂ ಅದರ ಸಾರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ವ್ಯಾಪಾರದ ಹಿಡಿತ ಹೆಚ್ಚಾಗಿ ಉತ್ತರ ಪ್ರದೇಶದ ಕನೌಜಿನದು, ವಿಧಾನವೂ ಕನೌಜಿನದೇ. ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ತುಂಬಿ, ಮುಚ್ಚಳದ ಸಂದಿಗೆ ಹತ್ತಿ ಬೆರೆಸಿದ ಜೇಡಿಮಣ್ಣು ಮೆತ್ತುತ್ತಾರೆ. ಮುಚ್ಚಳದಿಂದ ಒಂದು ಬಿದಿರಿನ ಕೊಳವೆ ಹೊರಟು, ನೀರಿನ ತೊಟ್ಟಿಯಲ್ಲಿ ಕೂರಿಸಿದ ಭಪಕಾ ಎಂಬ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಕೆಳಗೆ ಸೌದೆಯ ಸಣ್ಣ ಉರಿ. ಹೂವಿನ ಪರಿಮಳ ಆವಿಯ ಜೊತೆಯಲ್ಲಿ ಬಂದು ತಣ್ಣಗಿನ ಭಪಕಾದಲ್ಲಿ ಹನಿಯಾಗುತ್ತದೆ. ಉಷ್ಣಮಾಪಕವಿಲ್ಲ, ಗಡಿಯಾರವಿಲ್ಲ. ಕೆಲಸದವನು ಪಾತ್ರೆಯ ಮೈಮೇಲೆ ಕೈಯಿಟ್ಟು ನೋಡಿ ಉರಿಯನ್ನು ಎಳೆಯುತ್ತಾನೆ ಅಥವಾ ತೊಟ್ಟಿಯ ನೀರನ್ನು ಬದಲಿಸುತ್ತಾನೆ. ಈ ಅಂದಾಜು ಕಲಿಯಲು ಬಹಳ ವರ್ಷ ಬೇಕು.

ಇಲ್ಲಿಯವರೆಗಿನದು ಕೇವಲ ಬಟ್ಟಿ. ಅತ್ತರು ಆಗಬೇಕಾದರೆ ಭಪಕಾ ಬರಿದಾಗಿರಬಾರದು. ಅದರಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರಬೇಕು. ಹೂವಿನ ಪರಿಮಳ ಹಾರುವ ಸ್ವಭಾವದ್ದು, ಗಂಧದೆಣ್ಣೆ ನಿಲ್ಲುವ ಸ್ವಭಾವದ್ದು. ದಿನದಿನವೂ ಹೊಸ ಹೂವು ತುಂಬುತ್ತಾರೆ, ತಳದ ನೀರನ್ನು ಬೇರ್ಪಡಿಸಿ ತೆಗೆಯುತ್ತಾರೆ, ಗಂಧದೆಣ್ಣೆ ಮಾತ್ರ ಅದೇ. ಹಲವು ದಿನ ಹೀಗೆ ಹೂವನ್ನು ಕುಡಿದು ಕುಡಿದು ಅದು ಕೇದಗೆಯ ಅತ್ತರಾಗುತ್ತದೆ. ಆಮೇಲೆ ಚರ್ಮದ ಕುಪ್ಪಿಗೆ ತುಂಬಿಟ್ಟರೆ ಉಳಿದ ನೀರಿನಂಶ ಚರ್ಮದ ಮೂಲಕ ಆರಿಹೋಗುತ್ತದೆ. ಗಂಧ ಬೆರೆಸದ ಬರಿಯ ಹೂವಿನ ಸಾರವನ್ನು ರೂಹ್ ಎನ್ನುತ್ತಾರೆ. ರೂಹ್ ಎಂದರೆ ಪ್ರಾಣ. ಬೆಲೆಯೂ ಪ್ರಾಣ ತೆಗೆಯುವಂತಹುದೇ. ಬಟ್ಟಿಯ ನೀರೂ ವ್ಯರ್ಥವಲ್ಲ: ಬಿರಿಯಾನಿಯ ಮೇಲೂ ಶರಬತ್ತಿನಲ್ಲೂ ಚಿಮುಕಿಸುವ ಕೇವಡಾ ನೀರು ಅದೇ.

ಹೀಗಾಗಿ ಖಾಲಾ ಕೊಟ್ಟ ಸೀಸೆಯಲ್ಲಿ ಒಡಿಶಾದ ಹೂವಿನ ಜೊತೆಗೆ ನಮ್ಮ ರಾಜ್ಯದ ಮರವೂ ಇದ್ದಿರಬೇಕು. ಶ್ರೀಗಂಧಕ್ಕೆ ಮೈಸೂರು ಸೀಮೆ ಹೆಸರಾದುದು ಇಂದು ನಿನ್ನೆಯಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜಮರವೆಂದು ಸಾರಿದ. ಮೊದಲ ಮಹಾಯುದ್ಧದಿಂದ ಗಂಧದ ಕೊರಡನ್ನು ಯೂರೋಪಿಗೆ ಕಳುಹಿಸುವುದು ನಿಂತಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆ ಹೂಡಿದರು. 1918ರಲ್ಲಿ ಸಾಬೂನೂ ಬಂದಿತು. ಆದರೆ ಮರ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತು. 19ನೆಯ ಶತಮಾನದ ಕೊನೆಗೆ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಒಂದು ಕಾರಣ, ಕಳ್ಳಗಡಿತ ಇನ್ನೊಂದು. ಮೂರನೆಯ ಕಾರಣವನ್ನು ಹೇಳಲು ನನಗೆ ಸಂಕೋಚವಿಲ್ಲ: ರೈತನ ಹೊಲದಲ್ಲಿ ಹುಟ್ಟಿದ ಗಂಧದ ಗಿಡ ಸರ್ಕಾರದ್ದೆಂದು ಬಹುಕಾಲ ಕಾನೂನು ಇತ್ತು. ತನ್ನದಲ್ಲದ, ಆದರೆ ಕದ್ದುಹೋದರೆ ತಾನೇ ಉತ್ತರ ಹೇಳಬೇಕಾದ ಮರವನ್ನು ಯಾವ ರೈತ ನೀರೆರೆದು ಬೆಳೆಸುತ್ತಾನೆ? 2001ರ ತಿದ್ದುಪಡಿಯ ನಂತರವೇ ಕರ್ನಾಟಕದಲ್ಲಿ ಮರ ಜಮೀನಿನವನದಾಯಿತು. ಆಗ ನೆಟ್ಟ ಸಸಿಗಳಲ್ಲಿ ಚೇಗು ಕೂಡಲು ಹದಿನೈದು ಇಪ್ಪತ್ತು ವರ್ಷವಾದರೂ ಕಾಯಬೇಕಾಗಿತ್ತು.

ಗಂಧದೆಣ್ಣೆ ತುಟ್ಟಿಯಾದಂತೆಲ್ಲ ಭಪಕಾದ ತಳಕ್ಕೆ ಬೇರೆ ಎಣ್ಣೆಗಳು ಬಂದವು. ಬಹಳ ಕಡೆ ಈಗ ಅಲ್ಲಿರುವುದು ವಾಸನೆಯಿಲ್ಲದ ಪ್ಯಾರಫಿನ್ ಎಣ್ಣೆ. ಹೂವಿನ ಕಡೆಯಲ್ಲಿಯೂ ತೊಂದರೆಯೇ. ಕೇದಗೆಯ ಪರಿಮಳದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫಿನೈಲ್ ಎಥೈಲ್ ಮೀಥೈಲ್ ಈಥರ್ ಎಂಬ ಒಂದೇ ವಸ್ತು. ಮಲ್ಲಿಗೆಯ ಪರಿಮಳದಲ್ಲಿ ಹತ್ತಾರು ವಸ್ತುಗಳು ಸೇರಿರುವುದರಿಂದ ಅದನ್ನು ನಕಲು ಮಾಡುವುದು ಕಷ್ಟ. ಕೇದಗೆಯದು ಹಾಗಲ್ಲ. ಆ ಈಥರನ್ನು ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಿಸಬಹುದು, ನೀರಿಗೆ ಬೆರೆಸಿದರೆ ಕೇವಡಾ ನೀರು, ಎಣ್ಣೆಗೆ ಬೆರೆಸಿದರೆ ಕೇವಡಾ ಅತ್ತರು ಎಂದು ಮಾರಬಹುದು. ಇತ್ತ ಗಂಜಾಮಿನವರು ಮುಳ್ಳಿನ ಪೊದೆಯಲ್ಲಿ ಬೆಳಗಿನ ಜಾವ ಕೈ ಗೀರಿಸಿಕೊಂಡು ಕೊಯ್ದ ಹೂವಿಗೆ ಬೆಲೆ ಎಲ್ಲಿಂದ ಬರಬೇಕು? 2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಗೋಪಾಲಪುರದ ಹತ್ತಿರ ದಡಕ್ಕೆ ಬಡಿದಾಗ ಅವರ ಕೇದಗೆಯ ಬನಗಳೂ ನೆಲಕಚ್ಚಿದವು. ನಿಜವಾದ ಸಾರಕ್ಕೆ ಈಗ ದೊಡ್ಡ ಗಿರಾಕಿಗಳೆಂದರೆ ಪಾನ್ ಮಸಾಲೆ ಮತ್ತು ಹೊಗೆಸೊಪ್ಪಿನ ಕಾರ್ಖಾನೆಗಳು. ಶಿವನು ಹಾಕಿದ ಶಿಕ್ಷೆಗಿಂತ ಇದು ಕಡಿಮೆಯದೆಂದು ನನಗೆ ತೋರುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಅವ್ವನೂ ಖಾಲಾನೂ ಇಬ್ಬರೂ ಇಲ್ಲವಾದ ಮೇಲೆ, ಅದೇ ಪರಿಮಳ ಬೇಕೆನಿಸಿ ನಾನು ಒಂದು ಅಂಗಡಿಗೆ ಹೋದೆ. ಅಂಗಡಿಯ ಮುದುಕರು ಸಾಲಾಗಿ ಸೀಸೆಗಳನ್ನು ಇಟ್ಟುಕೊಂಡು ಕುಳಿತಿದ್ದರು. ಕೇವಡಾ ಬೇಕೆಂದೆ. ಅವರು ನನ್ನ ಮುಖವನ್ನು ನೋಡಿ, “ವಾಸನಿ ಬೇಕೋ, ಕೇವಡಾ ಬೇಕೋ?” ಎಂದು ಕೇಳಿದರು. ವ್ಯತ್ಯಾಸವೇನೆಂದೆ. ಎರಡು ಹತ್ತಿಯ ಉಂಡೆಗಳಿಗೆ ಎರಡು ಸೀಸೆಗಳಿಂದ ಒಂದೊಂದು ಹನಿ ಹಾಕಿ, ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಟ್ಟು, “ನಾಳೆ ಮೂಸಿ ನೋಡಿ ಬರ್ರಿ” ಎಂದರು. ಹಣ ಮುಟ್ಟಲಿಲ್ಲ. ಅಂಗಡಿಯಲ್ಲಿ ಮೊದಲನೆಯದೇ ಹೆಚ್ಚು ಘಮಘಮಿಸುತ್ತಿತ್ತು. ಅದನ್ನೇ ಕೊಳ್ಳಬೇಕೆಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿಯೂ ಆಗಿತ್ತು. ಮರುದಿನ ಬೆಳಿಗ್ಗೆ ಅದರಲ್ಲಿ ಬರಿಯ ಹತ್ತಿ ಇತ್ತು. ಎರಡನೆಯದು ಹಿಂದಿನ ದಿನ ಮಂಕಾಗಿ ತೋರಿದ್ದು, ಈಗ ಎದ್ದು ಕುಳಿತಿತ್ತು.

ನೀವು ಕೊಳ್ಳುವುದಾದರೆ ಹೀಗೆಯೇ ಮಾಡಿ. ಸೀಸೆಯ ಬಾಯಿಗೆ ಮೂಗಿಟ್ಟು ತೀರ್ಮಾನಿಸಬೇಡಿ, ಮೊದಲ ಗಳಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಹತ್ತಿಗೆ ಹಚ್ಚಿ ಒಂದು ರಾತ್ರಿ ಬಿಡಿ. ಪ್ಯಾರಫಿನ್ ಇದ್ದರೆ ಕಾಗದದ ಮೇಲೆ ಜಿಡ್ಡು ನಿಲ್ಲುತ್ತದೆ, ಪರಿಮಳ ನಿಲ್ಲುವುದಿಲ್ಲ. ಅಡಿಗೆಗೆ ತರುವ ಕೇವಡಾ ನೀರಿನ ಸೀಸೆಯ ಚೀಟಿಯನ್ನು ಪೂರ್ತಿ ಓದಿ; ಕೃತಕ ಪರಿಮಳವೆಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಬರೆದವನು ಸುಳ್ಳು ಹೇಳಿಲ್ಲ, ನೀವು ಓದಿಲ್ಲ ಅಷ್ಟೆ. ನಿಜವಾದ ಗಂಧದ ಮೇಲೆ ಇಳಿಸಿದ ಅತ್ತರು ಇಂದು ಅಗ್ಗಕ್ಕೆ ಸಿಗುವುದಿಲ್ಲ. ಆದರೆ ಬೇಕಾದುದೂ ಎರಡೇ ಹನಿ.

ಖಾಲಾ ಕೊಟ್ಟಿದ್ದ ಸೀಸೆ ಖಾಲಿಯಾಗಿ ಎಷ್ಟೋ ವರ್ಷಗಳಾದವು. ಅವ್ವನ ಟ್ರಂಕು ನನ್ನಲ್ಲಿಯೇ ಇದೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಾಗ ಈಗ ಅದರಲ್ಲಿ ಕೇದಗೆ ತಿಳಿಯುವುದಿಲ್ಲ. ಮೂಲೆಯಲ್ಲಿ ಮುಖವಿಟ್ಟು ನೋಡಿದರೆ ಒಂದಿಷ್ಟು ಶ್ರೀಗಂಧ ಮಾತ್ರ ಇನ್ನೂ ಇದೆ.